ಕಲಾವಿದ ಕೆಟ್ಟವನಾಗಿದ್ದರೆ ಅವನ ಕಲೆಯನ್ನು ಮೆಚ್ಚಬಹುದೇ?

ಮೆಚ್ಚಬಹುದು. ಆದರೆ ಕಲಾವಿದ ಬದುಕಿದ್ದಾನಾ ಅಂತ ನಾನು ಮೊದಲು ನೋಡುತ್ತೇನೆ.

ಇಟಲಿಯ ಚಿತ್ರಕಾರ ಕರವಾಜ್ಜೋ 1606ರಲ್ಲಿ ರೋಮ್‌ನಲ್ಲಿ ಒಬ್ಬನನ್ನು ಕೊಂದು ಪರಾರಿಯಾದ. 1608ರಲ್ಲಿ ಮಾಲ್ಟಾದಲ್ಲಿ ಕೂತು ಸಂತ ಯೋಹಾನನ ತಲೆ ಕಡಿಯುವ ದೊಡ್ಡ ಚಿತ್ರ ಬರೆದ. ನೆಲಕ್ಕೆ ಹರಿದ ರಕ್ತದಲ್ಲೇ ತನ್ನ ಹೆಸರು ಹಾಕಿದ್ದಾನೆ! ಇಲ್ಲಿ ಕೊಲೆಗಾರನನ್ನು ಬದಿಗಿಟ್ಟು ಚಿತ್ರ ನೋಡಿ ಅಂದ್ರೆ ಆಗುತ್ತಾ? ಆದರೂ ನೋಡಿದರೆ ಈಗ ಯಾರಿಗೂ ನೋವಿಲ್ಲ.

ನಿರ್ದೇಶಕ ರೋಮನ್ ಪೊಲಾನ್‌ಸ್ಕಿ ವಿಷಯ ಬೇರೆ. 13 ವರ್ಷದ ಹುಡುಗಿಯ ಜೊತೆ ಕಾನೂನುಬಾಹಿರ ಲೈಂಗಿಕ ಸಂಪರ್ಕದ ಪ್ರಕರಣದಲ್ಲಿ 1977ರಲ್ಲಿ ತಪ್ಪೊಪ್ಪಿಕೊಂಡು, ಶಿಕ್ಷೆ ಪ್ರಕಟವಾಗುವ ಮುಂಚೆಯೇ ಅಮೆರಿಕ ಬಿಟ್ಟ. 2003ರಲ್ಲಿ ‘ದಿ ಪಿಯಾನಿಸ್ಟ್’ ಸಿನಿಮಾಕ್ಕೆ ಅವನಿಗೆ ಆಸ್ಕರ್ ಬಂತು, ಜನ ಎದ್ದುನಿಂತು ಚಪ್ಪಾಳೆ ತಟ್ಟಿದರು. ಸಿನಿಮಾ ಚೆನ್ನಾಗಿದೆ, ಸುಳ್ಳು ಹೇಳಬಾರದು. ಆದರೆ ಆ ಚಪ್ಪಾಳೆ ಬರೀ ಸಿನಿಮಾಕ್ಕಲ್ಲ, ಅಲ್ವಾ? ಆಸ್ಕರ್ ಕೊಡುವ ಅಕಾಡೆಮಿ ಅವನನ್ನು ಹೊರಹಾಕಿದ್ದು 2018ರಲ್ಲಿ.