ಐಸ್‌ಕ್ರೀಮ್ ಹಾಕದೆ ಪೆಪ್ಪರ್‌ಮಿಂಟ್ ಮಿಲ್ಕ್‌ಶೇಕ್

ಪ್ರಶ್ನೆ: ಅಕ್ಕ, ಮಗಳು ಅಮೆರಿಕದಲ್ಲಿ ಓದುತ್ತಿದ್ದಾಳೆ, ಡಿಸೆಂಬರ್ ರಜೆಗೆ ಊರಿಗೆ ಬರುತ್ತಾಳೆ. ಅಲ್ಲಿ ಕ್ರಿಸ್‌ಮಸ್ ಹೊತ್ತಿಗೆ ಪೆಪ್ಪರ್‌ಮಿಂಟ್ ಮಿಲ್ಕ್‌ಶೇಕ್ ಸಿಗುತ್ತದಂತೆ, ಮನೆಯಲ್ಲೂ ಅದನ್ನೇ ಮಾಡು ಅಂತ ಈಗಲೇ ಹಟ ಹಿಡಿದಿದ್ದಾಳೆ. ವಿಡಿಯೋ ನೋಡಿದರೆ ಬರೀ ಐಸ್‌ಕ್ರೀಮ್, ಕ್ರೀಮ್, ಸಿರಪ್. ನಮ್ಮ ಯಜಮಾನರಿಗೆ ಕೊಲೆಸ್ಟ್ರಾಲ್ ಬೇರೆ ಇದೆ. ಹಗುರವಾಗಿ ಮಾಡೋಕೆ ಆಗುತ್ತಾ? ಹಿತ್ತಿಲಲ್ಲಿ ಪುದೀನ ಬೇಕಾದಷ್ಟಿದೆ.
– ಓದುಗರು, ತೀರ್ಥಹಳ್ಳಿ

ಉತ್ತರ: ಧಾರಾಳವಾಗಿ ಆಗುತ್ತದೆ. ಮೊದಲು ಭಾರ ಎಲ್ಲಿಂದ ಬರುತ್ತದೆ ಅಂತ ನೋಡಿ. ಎರಡು ಸ್ಕೂಪ್ ವೆನಿಲಾ ಐಸ್‌ಕ್ರೀಮ್‌ಗೇ ಹೆಚ್ಚುಕಡಿಮೆ 250 ಕ್ಯಾಲರಿ. ಅದರ ಮೇಲೆ ಕೆನೆಭರಿತ ಹಾಲು, ಎರಡು ದೊಡ್ಡ ಚಮಚ ಸಿರಪ್, ಕ್ರೀಮ್, ಪುಡಿ ಮಾಡಿದ ಕ್ಯಾಂಡಿ ಎಲ್ಲ ಸೇರಿದರೆ ಒಂದು ಲೋಟ 550-600ಕ್ಕೆ ಹೋಗಿ ನಿಲ್ಲುತ್ತದೆ. ಒಂದು ಹೊತ್ತಿನ ಊಟವೇ ಆಯಿತು. ಇದರಲ್ಲಿ ಪೆಪ್ಪರ್‌ಮಿಂಟ್ ಪರಿಮಳದ ಪಾಲು ಏನೂ ಇಲ್ಲ, ಪಾಪ, ಅದನ್ನು ಬೈಯಬೇಡಿ.

ಐಸ್‌ಕ್ರೀಮ್ ಯಾಕೆ ಹಾಕುತ್ತಾರೆ? ಗಟ್ಟಿಯಾಗಲಿ, ತಣ್ಣಗಿರಲಿ ಅಂತ. ತಣ್ಣಗಿನ ಕೆಲಸದಲ್ಲಿ ಅರ್ಧವನ್ನು ಪೆಪ್ಪರ್‌ಮಿಂಟ್‌ನಲ್ಲಿರುವ ಮೆಂಥಾಲ್ ಸುಮ್ನೆ ಮಾಡಿಕೊಡುತ್ತದೆ. ನಾಲಿಗೆಯಲ್ಲಿ ಚಳಿಯನ್ನು ಗುರುತಿಸುವ ನರಗಳನ್ನೇ ಅದು ಕೆಣಕುತ್ತದೆ, ಹಾಗಾಗಿ ಫ್ರಿಜ್ಜಿನಿಂದ ತೆಗೆದ ಬರೀ ಹಾಲೂ ಇದ್ದದ್ದಕ್ಕಿಂತ ತಂಪು ಅನಿಸುತ್ತದೆ. ಇನ್ನೊಂದು ವಿಷಯ, ತೀರಾ ತಣ್ಣಗಿದ್ದರೆ ಸಿಹಿ ನಾಲಿಗೆಗೆ ಅಷ್ಟಾಗಿ ಗೊತ್ತಾಗುವುದಿಲ್ಲ, ಅದಕ್ಕೇ ಐಸ್‌ಕ್ರೀಮ್‌ಗೆ ಅಷ್ಟೊಂದು ಸಕ್ಕರೆ ಸುರಿಯುತ್ತಾರೆ. ನಂಬಿಕೆ ಇಲ್ಲದಿದ್ದರೆ ಕರಗಿದ ಐಸ್‌ಕ್ರೀಮನ್ನು ಒಂದು ಚಮಚ ಬಾಯಿಗೆ ಹಾಕಿಕೊಳ್ಳಿ. ನಾವು ಅಷ್ಟು ಕೊರೆಯುವ ಹಾಗೆ ಮಾಡುವುದಿಲ್ಲ, ಸಕ್ಕರೆಯೂ ತಾನಾಗಿ ಕಡಿಮೆ ಸಾಕಾಗುತ್ತದೆ.

ಗಟ್ಟಿ ಮಾಡೋಕೆ ಕಾರ್ನ್‌ಫ್ಲೋರ್ ಸಾಕು. ನಂದಿನಿಯ ನೀಲಿ ಪ್ಯಾಕೆಟ್ ಅರ್ಧ ಲೀಟರ್ ತಗೊಳ್ಳಿ, ಅದು ಟೋನ್ಡ್ ಹಾಲು, ಕೊಬ್ಬು ಶೇಕಡಾ 3. (ಫುಲ್ ಕ್ರೀಮ್ ಹಾಲಿನಲ್ಲಿ 6 ಇರುತ್ತದೆ.) ಮನೆಯ ಹಸುವಿನ ಹಾಲಾದರೆ ಕಾಯಿಸಿ, ಪೂರ್ತಿ ಆರಿಸಿ, ಕಟ್ಟಿದ ಕೆನೆ ತೆಗೆದುಬಿಡಿ. ಎಮ್ಮೆ ಹಾಲಾದರೆ ರಾತ್ರಿಯಿಡೀ ಫ್ರಿಜ್ಜಿನಲ್ಲಿಟ್ಟು ಕೆನೆ ತೆಗೆಯಿರಿ, ಆಗಲೂ ಸ್ವಲ್ಪ ದಪ್ಪವೇ ಇರುತ್ತದೆ. ಕಾಲು ಲೋಟ ತಣ್ಣನೆ ಹಾಲಿಗೆ ಒಂದು ದೊಡ್ಡ ಚಮಚ ಕಾರ್ನ್‌ಫ್ಲೋರ್ ಗಂಟಿಲ್ಲದಂತೆ ಕದಡಿಕೊಳ್ಳಿ. ಉಳಿದ ಹಾಲು ಕುದಿ ಬಂದಾಗ ಇದನ್ನು ಹಾಕಿ, ಆರು ಚಿಕ್ಕ ಚಮಚ ಸಕ್ಕರೆ ಹಾಕಿ, ಎರಡು ಮೂರು ನಿಮಿಷ ಕೈಬಿಡದೆ ತಿರುಗಿಸಿ. ಹಿಟ್ಟಿನ ಹಸಿ ವಾಸನೆ ಹೋಗಬೇಕು, ಇಲ್ಲದಿದ್ದರೆ ಕೊನೆಗೆ ಪೆಪ್ಪರ್‌ಮಿಂಟ್ ಹಾಕಿದರೂ ಅದು ಮುಚ್ಚುವುದಿಲ್ಲ. ಇಳಿಸಿ, ಒಂದೆರಡು ಹನಿ ವೆನಿಲಾ ಹಾಕಿ ಆರಲು ಬಿಡಿ.

ಆರಿದ ಮೇಲೆ ಮುಕ್ಕಾಲು ಭಾಗವನ್ನು ಐಸ್ ಟ್ರೇಗೆ ಸುರಿದು ಫ್ರೀಜರ್‌ನಲ್ಲಿಡಿ, ಕಾಲು ಭಾಗ ಫ್ರಿಜ್ಜಿನಲ್ಲೇ ಇರಲಿ. ನಾಲ್ಕೈದು ಗಂಟೆ ಬೇಕು. ನಿಮ್ಮ ಕಡೆ ಕರೆಂಟು ಹೋಗಿ ಬಂದು ಮಾಡುವ ಕಾರಣ ಹಿಂದಿನ ರಾತ್ರಿಯೇ ಇಟ್ಟುಬಿಡುವುದು ಒಳ್ಳೆಯದು. ಕುಡಿಯುವ ಹೊತ್ತಿಗೆ ಹಾಲಿನ ತುಂಡುಗಳನ್ನು ಐದು ನಿಮಿಷ ಹೊರಗಿಡಿ, ಆಮೇಲೆ ಉಳಿಸಿಕೊಂಡ ಹಾಲಿನ ಜೊತೆ ಮಿಕ್ಸಿಗೆ ಹಾಕಿ ನಿಲ್ಲಿಸಿ ನಿಲ್ಲಿಸಿ ತಿರುಗಿಸಿ. ಒಂದೇ ಸಮ ಓಡಿಸಿದರೆ ಜಾರ್ ಬಿಸಿಯಾಗಿ ಎಲ್ಲ ನೀರಾಗುತ್ತದೆ. ನೀರಿನ ಐಸ್ ಮಾತ್ರ ಹಾಕಬೇಡಿ. ಹೋಟೆಲಿನ ಮಿಲ್ಕ್‌ಶೇಕ್ ಕೊನೆಯಲ್ಲಿ ಸಪ್ಪೆಯಾಗುವುದು ಅದರಿಂದಲೇ.

ಪರಿಮಳಕ್ಕೆ ಕೇಕ್ ಸಾಮಾನಿನ ಅಂಗಡಿಯಲ್ಲಿ ಸಿಗುವ ಪೆಪ್ಪರ್‌ಮಿಂಟ್ ಎಸೆನ್ಸ್ ತನ್ನಿ. ಇಷ್ಟಕ್ಕೆ ಕಾಲು ಚಿಕ್ಕ ಚಮಚಕ್ಕಿಂತ ಕಡಿಮೆ ಹಾಕಿ ರುಚಿ ನೋಡಿ. ಜಾಸ್ತಿಯಾದರೆ ಟೂತ್‌ಪೇಸ್ಟ್ ಕುಡಿದ ಹಾಗಿರುತ್ತದೆ, ವಾಪಸ್ ತೆಗೆಯೋಕೂ ಆಗಲ್ಲ. ಎಸೆನ್ಸ್ ಬೇರೆ, ಪೆಪ್ಪರ್‌ಮಿಂಟ್ ಎಣ್ಣೆ ಬೇರೆ. ಎಣ್ಣೆ ಬಹಳ ತೀಕ್ಷ್ಣ. ಅದೇ ಇದ್ದರೆ, ಅದೂ ತಿನ್ನಲು ಯೋಗ್ಯ ಅಂತ ಬರೆದದ್ದಾದರೆ, ಒಂದೇ ಹನಿಯನ್ನು ಸಕ್ಕರೆಯಲ್ಲಿ ತಿಕ್ಕಿ ಹಾಕಿ. ಮೂಗಿಗೆ ಹಚ್ಚುವ, ಆವಿ ತೆಗೆದುಕೊಳ್ಳುವ ಸೀಸೆ ಬೇಡವೇ ಬೇಡ.

ಮೂರು ಸಣ್ಣ ಲೋಟ ಆಗುತ್ತದೆ. ಲೋಟಕ್ಕೆ 150 ಕ್ಯಾಲರಿಯ ಆಸುಪಾಸು, ಸಕ್ಕರೆ ಎರಡು ಚಮಚ. ಮೇಲೆ ಕ್ರೀಮ್ ಬೇಡ. ಒಂದು ಪೆಪ್ಪರ್‌ಮಿಂಟ್ ಮಿಠಾಯಿಯನ್ನು ಜಜ್ಜಿ ಮೂರೂ ಲೋಟಕ್ಕೆ ಉದುರಿಸಿ, ಮಗಳಿಗೆ ಹಬ್ಬ ಅನಿಸಲು ಅಷ್ಟು ಸಾಕು. ಯಜಮಾನರಿಗೂ ಕೆನೆ ತೆಗೆದ ಹಾಲಿನಲ್ಲೇ ಕೊಡಿ. ಆದರೆ ಅವರಿಗೆ ಎದೆಯುರಿ, ಹುಳಿತೇಗು ಇದ್ದರೆ ಹುಷಾರು. ಪೆಪ್ಪರ್‌ಮಿಂಟ್ ಅನ್ನನಾಳದ ಕೆಳಗಿನ ಬಾಗಿಲನ್ನು ಸಡಿಲ ಮಾಡುತ್ತದೆ, ಉರಿ ಜಾಸ್ತಿಯಾಗಬಹುದು.

ಇನ್ನು ನಿಮ್ಮ ಹಿತ್ತಿಲ ಪುದೀನ. ನಮ್ಮಲ್ಲಿ ಸಾಮಾನ್ಯವಾಗಿ ಬೆಳೆಯುವ ಪುದೀನ ಸ್ಪಿಯರ್‌ಮಿಂಟ್ ಜಾತಿಯದು. ಅದರಲ್ಲಿ ಮೆಂಥಾಲ್ ತೀರಾ ಕಡಿಮೆ, ಅದಕ್ಕೇ ಚಟ್ನಿಯಲ್ಲಿ ಚೆಂದ, ಬಾಯಲ್ಲಿ ಚಳಿ ಹುಟ್ಟಿಸುವುದಿಲ್ಲ. ಪೆಪ್ಪರ್‌ಮಿಂಟ್ ಗಿಡ ಅದೇ ಸ್ಪಿಯರ್‌ಮಿಂಟ್‌ಗೂ ನೀರಲ್ಲಿ ಬೆಳೆಯುವ ಇನ್ನೊಂದು ಪುದೀನಕ್ಕೂ ಹುಟ್ಟಿದ ಮಿಶ್ರತಳಿ. ಆದರೂ ಮಾಡಿ ನೋಡಬೇಕು ಅನಿಸಿದರೆ ತಂಬುಳಿಗೆ ಸೊಪ್ಪು ಅರೆದ ಹಾಗೆ ಅರೆಯಬೇಡಿ, ಹಾಲು ಹಸಿರಾಗಿ ಹುಲ್ಲು ಹುಲ್ಲು ವಾಸನೆ ಬರುತ್ತದೆ. ಒಲೆ ಆರಿಸಿದ ಮೇಲೆ ಒಂದು ಹಿಡಿ ಎಲೆಯನ್ನು ಬಿಸಿ ಹಾಲಿಗೆ ಹಾಕಿ, ಹತ್ತು ನಿಮಿಷ ಮುಚ್ಚಿಟ್ಟು ಸೋಸಿ. ಈ ಪರಿಮಳ ನೀರಿಗಿಂತ ಕೊಬ್ಬಿನಲ್ಲಿ ಚೆನ್ನಾಗಿ ಇಳಿಯುತ್ತದೆ, ಹಾಲು ಅದಕ್ಕೆ ಒಳ್ಳೆಯ ಜಾಗ. ರುಚಿ ಬೇರೆಯಾಗಿರುತ್ತದೆ, ನನಗಂತೂ ಅದೂ ಇಷ್ಟ. ಮಗಳಿಗೆ ಅಲ್ಲಿನದೇ ಬೇಕು ಅಂದರೆ ಎಸೆನ್ಸ್ ಇಲ್ಲದೆ ಆಗುವುದಿಲ್ಲ.

ಪ್ರಶ್ನೆ: ಇಂಥ ಪಾನೀಯಕ್ಕೆ ಸಕ್ಕರೆ ಬದಲು ಜೋನಿ ಬೆಲ್ಲ ಹಾಕಿದರೆ ಆರೋಗ್ಯಕ್ಕೆ ಒಳ್ಳೆಯದಲ್ವಾ? ನಮ್ಮಲ್ಲಿ ಆಲೆಮನೆಯಿಂದ ತಂದದ್ದೇ ಇದೆ.
– ಓದುಗರು, ಸಾಗರ

ಉತ್ತರ: ಆಲೆಮನೆ ಜೋನಿ ಬೆಲ್ಲ ಇದ್ದರೆ ದೋಸೆಗೆ ಹಚ್ಚಿಕೊಂಡು ತಿನ್ನಿ, ಇದಕ್ಕೆ ಸುರಿದು ಯಾಕೆ ಹಾಳು ಮಾಡುತ್ತೀರಿ! ಲೆಕ್ಕಕ್ಕೆ ಬಂದರೆ ಬೆಲ್ಲದಲ್ಲೂ ಬಹುಪಾಲು ಸಕ್ಕರೆಯೇ, ಜೋನಿಯಲ್ಲಿ ನೀರಿನಂಶ ಇರುವುದರಿಂದ ಸ್ವಲ್ಪ ಕಡಿಮೆ ಅಷ್ಟೆ, ಆದರೆ ಅದೇ ಸಿಹಿಗೆ ಇನ್ನೂ ಸ್ವಲ್ಪ ಹಾಕುತ್ತೀರಿ. ಸಕ್ಕರೆಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿಯಲ್ಲಿ, ಅಂದರೆ ದಿನಕ್ಕೆ 2000 ಕ್ಯಾಲರಿ ತಿನ್ನುವವರಿಗೆ 50 ಗ್ರಾಂಗಿಂತ ಕಡಿಮೆ, ಸಾಧ್ಯವಾದರೆ 25, ಬೆಲ್ಲ ಮಾತ್ರವಲ್ಲ, ಜೇನುತುಪ್ಪವೂ ಲೆಕ್ಕಕ್ಕೆ ಬರುತ್ತದೆ. ಬಿಸಿ ಹಾಲಿಗೆ ಬೆಲ್ಲ ಹಾಕಿದರೆ ಒಡೆಯುವ ಭಯ ಬೇರೆ. ಬಣ್ಣವೂ ಕಂದಾಗುತ್ತದೆ, ಆ ಗಾಢ ವಾಸನೆಗೂ ಪೆಪ್ಪರ್‌ಮಿಂಟ್‌ಗೂ ಕೂಡಿಬರುವುದಿಲ್ಲ. ಸಿಹಿ ಸ್ವಲ್ಪ ಸಹಜವಾಗಿರಲಿ ಅಂದರೆ ಅರ್ಧ ಏಲಕ್ಕಿ ಬಾಳೆಹಣ್ಣನ್ನು ಫ್ರೀಜರ್‌ನಲ್ಲಿಟ್ಟು ಜೊತೆಗೆ ತಿರುಗಿಸಿ, ದಪ್ಪವೂ ಬರುತ್ತದೆ. ಅರ್ಧಕ್ಕಿಂತ ಮೇಲೆ ಹೋದರೆ ಬಾಳೆಹಣ್ಣಿನ ಮಿಲ್ಕ್‌ಶೇಕೇ ಆಗುವುದು.

ಪ್ರಶ್ನೆ: ಗುಲಾಬಿ ಬಣ್ಣಕ್ಕೆ ಪುಡಿ ಬಣ್ಣ ಬೇಡ ಅಂತಿದ್ದೇನೆ. ಮುರುಗಲು ಸಿಪ್ಪೆ ನೆನೆಸಿದ ನೀರು ಹಾಕಬಹುದಾ?
– ಓದುಗರು, ಹೊಸನಗರ

ಉತ್ತರ: ಬೇಡ! ಮುರುಗಲು ಹುಳಿ, ಹಾಲು ಒಡೆಯುತ್ತದೆ. ಬೀಟ್‌ರೂಟ್ ತುರಿದು ಹಿಂಡಿ ಅರ್ಧ ಚಮಚ ರಸ ಹಾಕಿ, ಅಷ್ಟಕ್ಕೇ ಗುಲಾಬಿ ಬಣ್ಣ ಬರುತ್ತದೆ, ಮಣ್ಣಿನ ವಾಸನೆ ಗೊತ್ತಾಗುವುದಿಲ್ಲ.

ಪ್ರಶ್ನೆ: ಕ್ರಿಸ್‌ಮಸ್‌ಗೆ ಪಕ್ಕದ ಮನೆಯವರು ಕುಸ್ವಾರ್ ಅಂತ ಹಬ್ಬದ ತಿಂಡಿಗಳ ತಟ್ಟೆ ಕೊಡುತ್ತಾರೆ, ಆವತ್ತು ಅವರನ್ನು ಕರೆದು ಇದನ್ನು ಕೊಡೋಣ ಅಂತಿದ್ದೇನೆ. ಈ ಚಳಿಯಲ್ಲಿ ತಣ್ಣಗಿನದು ಸರಿಯಾ? ಅವರ ಮನೆಯಲ್ಲಿ ಒಂದೂವರೆ ವರ್ಷದ ಮಗುವೂ ಇದೆ.
– ಓದುಗರು, ಶಿವಮೊಗ್ಗ

ಉತ್ತರ: ಮಧ್ಯಾಹ್ನ ಕರೆಯಿರಿ, ಶಿವಮೊಗ್ಗದ ಮಧ್ಯಾಹ್ನಕ್ಕೆ ಡಿಸೆಂಬರ್‌ನಲ್ಲೂ ತಣ್ಣಗಿನದು ನಡೆಯುತ್ತದೆ. ಸಂಜೆಯಾದರೆ ಅದೇ ಹಾಲನ್ನು ಫ್ರೀಜರ್‌ಗೆ ಇಡದೆ, ಒಂದು ಚಮಚ ಕೋಕೋ ಪುಡಿ ಸೇರಿಸಿ ಬಿಸಿಯಾಗಿಯೇ ಕೊಡಿ, ಪೆಪ್ಪರ್‌ಮಿಂಟ್‌ಗೂ ಚಾಕೊಲೇಟ್‌ಗೂ ಒಳ್ಳೆಯ ಜೋಡಿ. ಕುಸ್ವಾರ್‌ನಲ್ಲಿ ನೆವ್ರಿ, ಕಿಡಿಯೊ ಎಲ್ಲ ಸಿಹಿಯೇ ಇರುತ್ತದಲ್ವಾ, ಹಾಗಾಗಿ ಆವತ್ತು ಸಕ್ಕರೆ ಆರರ ಬದಲು ನಾಲ್ಕು ಚಮಚಕ್ಕೆ ಇಳಿಸಿ. ಮಗುವಿಗೆ ಇದು ಬೇಡ. ಅಷ್ಟು ಚಿಕ್ಕ ಮಕ್ಕಳಿಗೆ ಮೆಂಥಾಲ್ ಘಾಟು ಉಸಿರಾಟಕ್ಕೆ ತೊಂದರೆ ಕೊಡಬಹುದು. ಎಸೆನ್ಸ್ ಹಾಕುವ ಮೊದಲೇ ಒಂದಿಷ್ಟು ಸಾದಾ ಹಾಲು ತೆಗೆದಿಟ್ಟಿರಿ, ಎಸೆನ್ಸ್ ಸೀಸೆಯನ್ನೂ ಮಗುವಿನ ಕೈಗೆ ಸಿಗದ ಕಡೆ ಇಡಿ.