ನಾನು ಆದಾ ಅಲ್ಲ ಮೇಡಂ

'ಒಂದಲ್ಲ ಒಂದು ದಿನ ಅವನಿಗೆ ಗೊತ್ತಾಗುತ್ತೆ ಮೇಡಂ, ಆಗ ಅಳ್ತಾನೆ ನೋಡಿ.' ನಾನು ಆಪ್ತ ಸಲಹೆಗಾರ್ತಿ. ನನ್ನ ಎದುರಿನ ಕುರ್ಚಿಯಲ್ಲಿ ಕೂತು ಈ ಮಾತು ಹೇಳಿದವರು ಒಬ್ಬಿಬ್ಬರಲ್ಲ. ಹುಡುಗಿಯರು ಹೇಳಿದ್ದಾರೆ, ಹುಡುಗರು ಹೇಳಿದ್ದಾರೆ. ಮಗನಿಗೆ ಹೆಣ್ಣು ನೋಡುತ್ತಿರುವ ಗೃಹಸ್ಥರೊಬ್ಬರು ತಮ್ಮ ಕಾಲೇಜಿನ ದಿನಗಳ ಬಗ್ಗೆಯೂ ಇದನ್ನೇ ಹೇಳಿದರು. ಈ ಪ್ರಕರಣವೂ ಆ ಸಾಲಿನದೇ. ಆದರೆ ಇದರಲ್ಲಿ ನಾನೂ ಒಂದು ತಪ್ಪು ಮಾಡಿದೆ, ಅದಕ್ಕೇ ಜಾಸ್ತಿ ಕಾಡುತ್ತದೆ.

ಸುಮಾ ಅಂತ ಕರೆಯೋಣ. ಹೆಸರು, ಊರು, ಕೆಲಸ ಎಲ್ಲ ಬದಲಿಸಿದ್ದೇನೆ, ಬರೆಯಲು ಅವರ ಒಪ್ಪಿಗೆಯೂ ಇದೆ. ವಯಸ್ಸು 29. ಮಲೆನಾಡಿನ ಕಡೆಯವರು, ಬೆಂಗಳೂರಿನಲ್ಲಿ ಒಬ್ಬರೇ ಮನೆ ಮಾಡಿಕೊಂಡಿದ್ದರು. ನಾಲ್ಕು ವರ್ಷದ ಪ್ರೀತಿ. ಹುಡುಗ ಒಂದು ಭಾನುವಾರ ಬಂದು 'ನನ್ನ ಕೈಲಿ ಆಗಲ್ಲ' ಅಂದ, ಹೋದ. ಊರಿನಲ್ಲಿ ಪ್ರೀತಿಯ ವಿಷಯವೇ ಗೊತ್ತಿರಲಿಲ್ಲ, ಹಾಗಾಗಿ ಅದು ಮುರಿದದ್ದೂ ಯಾರಿಗೂ ಗೊತ್ತಿಲ್ಲ.

ನನ್ನ ಹತ್ತಿರ ಬರುವ ಹೊತ್ತಿಗೆ ಅವರು ಒಂದು ತುರ್ಕಿ ಸಿನಿಮಾಕ್ಕೆ ಅಂಟಿಕೊಂಡಿದ್ದರು. ಮೊದಲು ಡಬ್ ಆದ ತುರ್ಕಿ ಧಾರಾವಾಹಿಗಳು, ಆಮೇಲೆ ಈ ಸಿನಿಮಾ. ಹೆಸರು 'ಇಸ್ಸಿಜ್ ಆದಮ್', 2008ರದ್ದು, ಚಾಅನ್ ಇರ್ಮಾಕ್ ಅನ್ನುವವರ ನಿರ್ದೇಶನ. ಕಥೆ ಇಸ್ತಾನ್‌ಬುಲ್‌ನದು. ಆಲ್ಪೆರ್ ಅಂತ ಒಬ್ಬ ಬಾಣಸಿಗ, ಸ್ವಂತ ರೆಸ್ಟೋರೆಂಟ್ ಇದೆ, ಮನೆ ತುಂಬ ಹಳೇ ಹಾಡುಗಳ ರೆಕಾರ್ಡು. ಸಂಬಂಧಗಳು ಬೇಕಾದಷ್ಟು, ಯಾವುದೂ ಉಳಿಯುವಂಥದ್ದಲ್ಲ. ಹಳೇ ಪುಸ್ತಕದ ಅಂಗಡಿಯಲ್ಲಿ ಆದಾ ಸಿಗುತ್ತಾಳೆ, ಮಕ್ಕಳಿಗೆ ವೇಷದ ಬಟ್ಟೆ ಹೊಲಿಯುವವಳು. ಅವಳಿಗಾಗಿ ಅಡುಗೆ ಮಾಡುತ್ತಾನೆ, ಇಬ್ಬರಿಗೂ ನಿಜವಾಗಿ ಪ್ರೀತಿಯಾಗುತ್ತದೆ, ಆದದ್ದಕ್ಕೇ ಹೆದರಿ ಅವನು ಬಿಟ್ಟು ಹೋಗುತ್ತಾನೆ. ವರ್ಷಗಳ ನಂತರ ಇಬ್ಬರೂ ಎದುರುಬದುರಾಗುತ್ತಾರೆ. ಅಷ್ಟು ಹೊತ್ತಿಗೆ ಅವಳಿಗೆ ಮದುವೆಯಾಗಿ ಮಗುವಿದೆ. ಅವನು ಇನ್ನೂ ಒಂಟಿ.

ಸುಮಾ ನೋಡುತ್ತಿದ್ದದ್ದು ಈ ಕೊನೆಯ ಭಾಗ ಮಾತ್ರ. ರಾತ್ರಿ ಹನ್ನೊಂದಕ್ಕೆ ಕೆಲಸ ಮುಗಿಸಿ, ತಟ್ಟೆಯಲ್ಲಿ ಮೊಸರನ್ನ ಹಾಕಿಕೊಂಡು, ನೇರವಾಗಿ ಕೊನೆಗೆ ಓಡಿಸಿ, ಅವನ ಮುಖ ಬಾಡುವುದನ್ನು ನೋಡಿ, ಅತ್ತು, ಮತ್ತೆ ಹಿಂದಕ್ಕೆ ತಂದು ಇನ್ನೊಮ್ಮೆ. 'ಎಷ್ಟು ಸಲ?' ಅಂದೆ. 'ಲೆಕ್ಕ ಇಟ್ಟಿಲ್ಲ ಮೇಡಂ.'

ಮೊದಲ ದಿನ ಎಲ್ಲರಿಗೂ ಕೇಳುವುದನ್ನೇ ಕೇಳಿದೆ. ನಿದ್ದೆ ಬರುತ್ತಾ, ಊಟ ಸೇರುತ್ತಾ, ಬದುಕೋದೇ ಬೇಡ ಅನ್ನಿಸಿದ್ದು ಉಂಟಾ. ಈ ಕೊನೆಯ ಪ್ರಶ್ನೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೋಗುತ್ತದೆ ಅಂತ ಜನ ಹೆದರುತ್ತಾರೆ. ಹಾಗೇನಿಲ್ಲ. ಕೇಳಿದರೆ ಎದೆಯ ಭಾರ ಸ್ವಲ್ಪ ಇಳಿಯುತ್ತದೆ ಅಷ್ಟೇ. 'ಹೌದು' ಅಂದಿದ್ದರೆ ಅವತ್ತೇ ಮನೋವೈದ್ಯರ ಹತ್ತಿರ ಕಳಿಸುತ್ತಿದ್ದೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರನ್ನೂ ಬರೆದುಕೊಡುತ್ತಿದ್ದೆ. ಅದು ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಸುಮಾ ಆ ಮಟ್ಟದಲ್ಲಿ ಇರಲಿಲ್ಲ.

ಇನ್ನು ನನ್ನ ತಪ್ಪು. ಎರಡನೇ ಭೇಟಿಯಲ್ಲಿ 'ಆ ಸಿನಿಮಾ ಸ್ವಲ್ಪ ದಿನ ನೋಡಬೇಡಿ' ಅಂದುಬಿಟ್ಟೆ. ಕೊರಗನ್ನೇ ಮೆಲುಕು ಹಾಕುತ್ತಿದ್ದಾರೆ, ಮೇವು ಎತ್ತಿಟ್ಟರೆ ನಿಲ್ಲುತ್ತದೆ ಅನ್ನುವ ಲೆಕ್ಕ ನನ್ನದು. ಅವರು ತಲೆಯಾಡಿಸಿದರು. ಮೂರನೇ ಭೇಟಿಯಲ್ಲಿ 'ನೋಡ್ತಿಲ್ಲ ಮೇಡಂ' ಅಂದರು, ಕಣ್ಣು ಕೊಟ್ಟು ಮಾತಾಡಲಿಲ್ಲ. ನೋಡುತ್ತಿದ್ದರು, ನನಗೆ ಹೇಳುವುದನ್ನು ಮಾತ್ರ ನಿಲ್ಲಿಸಿದ್ದರು. ಮನೆಯವರಿಂದ ಮುಚ್ಚಿಟ್ಟಿದ್ದ ಪಟ್ಟಿಗೆ ನಾನೂ ಸೇರಿದೆ. ಸಲಹೆಗಾರರಿಗೆ ಇದಕ್ಕಿಂತ ದೊಡ್ಡ ಸೋಲು ಇಲ್ಲ.

ನಾಲ್ಕನೇ ಭೇಟಿಯಲ್ಲಿ ತಪ್ಪು ಒಪ್ಪಿಕೊಂಡೆ. ನಾನೇ ಆ ಸಿನಿಮಾ ಮೊದಲಿಂದ ಕೊನೆವರೆಗೆ ಕೂತು ನೋಡಿ ಬಂದಿದ್ದೆ. ನಿಜ ಹೇಳಬೇಕೆಂದರೆ ಮಧ್ಯದಲ್ಲಿ ನನಗೆ ಸ್ವಲ್ಪ ಉದ್ದ ಅನ್ನಿಸಿತು, ಆದರೆ ಹಾಡುಗಳು ಹಿಡಿಸಿದವು. ಐಲಾ ದಿಕ್ಮೆನ್ ಹಾಡಿದ 'ಅನ್ಲಾಮಾಜ್‌ದಿನ್' ಅಂತ ಒಂದು ಹಳೇ ಹಾಡು ಬರುತ್ತದೆ, ನಿನಗೆ ಅರ್ಥವಾಗುತ್ತಿರಲಿಲ್ಲ ಅಂತ ಅದರರ್ಥ. ಆಕೆ 1990ರಲ್ಲೇ ತೀರಿಕೊಂಡವರು. ಈ ಸಿನಿಮಾದಿಂದ ತುರ್ಕಿಯಲ್ಲಿ ಹೊಸ ಪೀಳಿಗೆಯೂ ಆ ಹಾಡನ್ನು ಗುನುಗುವಂತಾಯಿತು, ಹಾಡಿದವರಿಗೆ ಅದು ಗೊತ್ತೇ ಇಲ್ಲ. ಇದನ್ನೆಲ್ಲ ಸುಮ್ನೆ ಹರಟೆ ಹಾಗೆ ಹೇಳಿ, 'ಅದು ಸರಿ, ಸಿನಿಮಾದ ಹೆಸರಿನ ಅರ್ಥ ಏನು?' ಅಂತ ಕೇಳಿದೆ.

ಅವರು ಕುರ್ಚಿಯಲ್ಲಿ ಮುಂದಕ್ಕೆ ಬಂದು ಕೂತರು. ಅಲ್ಲಿಯವರೆಗೆ ಬ್ಯಾಗನ್ನು ತೊಡೆ ಮೇಲಿಟ್ಟುಕೊಂಡು ಅದರ ಜಿಪ್ ಎಳೆಯುತ್ತಾ ಬಿಡುತ್ತಾ ಇದ್ದವರು ಅದನ್ನು ತೆಗೆದು ನೆಲಕ್ಕೆ ಇಟ್ಟರು.

'ಇಸ್ಸಿಜ್ ಅಂದ್ರೆ ಯಾರೂ ಇಲ್ಲದ, ಬಿಕೋ ಅನ್ನೋ. ಆದಮ್ ಅಂದ್ರೆ ಮನುಷ್ಯ, ಗಂಡಸು. ಒಂಟಿ ಮನುಷ್ಯ. ಆದ್ರೆ ಮೇಡಂ, ಆದಾ ಅಂದ್ರೆ ದ್ವೀಪ. ಅವಳ ಹೆಸರು. ಅದಕ್ಕೆ ಒಂದು ಮ್ ಸೇರಿಸಿದ್ರೆ ನನ್ನ ದ್ವೀಪ, ಅದೂ ಆದಮ್ಮೇ! ಯಾರೂ ಇಲ್ಲದ ನನ್ನ ದ್ವೀಪ ಅಂತಲೂ ಓದಬಹುದು.'

'ನಿಮಗೆ ಇದೆಲ್ಲ ಹೇಗೆ ಗೊತ್ತು?'

'ಫೋನಲ್ಲಿ ಕಲಿತಾ ಇದೀನಿ. ಕನ್ನಡದ ಹಾಗೇ ಮೇಡಂ, ಬಾಲ ಸೇರಿಸ್ತಾ ಹೋಗೋದು. ಎವ್ ಅಂದ್ರೆ ಮನೆ. ಎವ್‌ದೆ, ಮನೆಯಲ್ಲಿ. ಎವ್‌ದೆಕಿಲೆರ್, ಮನೆಯಲ್ಲಿರೋರು.'

ಗಡಿಯಾರ ನೋಡಿಕೊಂಡೆ. ಹತ್ತು ನಿಮಿಷದಿಂದ ಆ ಹುಡುಗನ ಹೆಸರು ಬಂದಿರಲಿಲ್ಲ. ಅದನ್ನು ಎತ್ತಿ ತೋರಿಸಬೇಕು ಅನ್ನಿಸಿತು, ಬೇಡ ಅಂತ ಬಾಯಿ ಮುಚ್ಚಿಕೊಂಡೆ. ಬದಲಿಗೆ ಅವರು ಕೊಟ್ಟ ಪದವನ್ನೇ ಹಿಡಿದೆ.

'ನಿಮ್ಮ ಎವ್‌ದೆಕಿಲೆರ್ ಯಾರ್ಯಾರು?'

ನಕ್ಕರು. ಆಮೇಲೆ ನಗು ನಿಂತಿತು. ಅಮ್ಮ, ಅಪ್ಪ, ತಮ್ಮ. ಅಮ್ಮ ಎರಡು ತಿಂಗಳ ಹಿಂದೆ ಬಂದಿದ್ದರಂತೆ. ರಾತ್ರಿ ಬಸ್ಸಿನಲ್ಲಿ, ಅಪ್ಪೆಮಿಡಿ ಉಪ್ಪಿನಕಾಯಿಯ ಭರಣಿಯನ್ನು ಸೀರೆಯಲ್ಲಿ ಸುತ್ತಿ ಮಡಿಲಲ್ಲಿ ಇಟ್ಟುಕೊಂಡು, ಒಂದು ಡಬ್ಬಿ ಹಲಸಿನ ಹಪ್ಪಳ ತಗೊಂಡು. ಹದಿನೈದು ದಿನ ಇರೋಣ ಅಂತ ಬಂದವರು. 'ಆಫೀಸಲ್ಲಿ ಕೆಲಸ ಜಾಸ್ತಿ ಅಮ್ಮ' ಅಂತ ಸುಳ್ಳು ಹೇಳಿ ಮೂರನೇ ದಿನಕ್ಕೆ ಬಸ್ಸು ಹತ್ತಿಸಿದ್ದರು. ಅಮ್ಮ ಇದ್ದರೆ ಅಳಲಿಕ್ಕೆ ಆಗುತ್ತಿರಲಿಲ್ಲ, ಸಿನಿಮಾ ನೋಡಲಿಕ್ಕೂ ಆಗುತ್ತಿರಲಿಲ್ಲ. ಹಪ್ಪಳದ ಡಬ್ಬಿಗೆ ಸುತ್ತಿದ ಟೇಪನ್ನು ಇವತ್ತಿಗೂ ಬಿಚ್ಚಿಲ್ಲ.

ಸಿನಿಮಾದಲ್ಲೂ ಒಬ್ಬ ಅಮ್ಮ ಇದ್ದಾರೆ. ತುರ್ಕಿಯ ದಕ್ಷಿಣದ ತಾರ್ಸುಸ್ ಊರಿನಿಂದ ಮಗನನ್ನು ನೋಡಲು ಇಸ್ತಾನ್‌ಬುಲ್‌ಗೆ ಬರುತ್ತಾರೆ. ಮಗನಿಗಿಂತ ಹೆಚ್ಚಾಗಿ ಅವರ ಜೊತೆ ಬೆರೆಯುವುದು ಆದಾ. ನಾನು ಅದನ್ನು ನೆನಪಿಸಲಿಲ್ಲ, ದೇವರಾಣೆ. ಬಹಳ ಹೊತ್ತು ಸುಮ್ಮನಿದ್ದು ಅವರೇ ಹೇಳಿದರು.

'ನಾನು ಆದಾ ಅಲ್ಲ ಮೇಡಂ. ನಾನು ಅವನು.'

ಅಷ್ಟೂ ದಿನ ಬಿಟ್ಟು ಹೋಗಿಸಿಕೊಂಡವಳ ಜಾಗದಲ್ಲಿ ಕೂತು ಸಿನಿಮಾ ನೋಡಿದ್ದರು. ಬಾಗಿಲು ಹಾಕಿಕೊಂಡವನ ಜಾಗದಲ್ಲಿ ತಾವೇ ಇರಬಹುದು ಅಂತ ಅವತ್ತು ಹೊಳೆಯಿತು. ಇದನ್ನು ನಾನು ಹೇಳಿದ್ದರೆ ಚುಚ್ಚುಮಾತಾಗುತ್ತಿತ್ತು. ಮನಸ್ಸು ಮುರಿದುಕೊಂಡು ಬಂದವರಿಗೆ 'ತಪ್ಪು ನಿಮ್ಮದೂ ಇದೆ' ಅನ್ನುವ ಸಲಹೆಗಾರರನ್ನು ನೋಡಿದ್ದೇನೆ, ನನಗೆ ಅವರ ಮೇಲೆ ಸಿಟ್ಟಿದೆ. ಹುಡುಗ ಬಿಟ್ಟುಹೋದದ್ದರಲ್ಲಿ ಸುಮಾ ಅವರ ತಪ್ಪೇನೂ ಇರಲಿಲ್ಲ. ಅಮ್ಮನನ್ನು ಬಸ್ಸು ಹತ್ತಿಸಿದ್ದು ಬೇರೆ ವಿಷಯ.

ಅವತ್ತು ಕೊಟ್ಟ ಸಲಹೆ ಎರಡೇ.

ಒಂದು, ಅವನಿಗೆ ಕಳಿಸಲು ಫೋನಿನಲ್ಲಿ ಬರೆದಿಟ್ಟುಕೊಂಡಿದ್ದ ಉದ್ದ ಮೆಸೇಜನ್ನು ಕಳಿಸಬೇಡಿ ಅಂದೆ. 'ಮನಸ್ಸಿನಲ್ಲಿರೋದು ಹೇಳಿಬಿಟ್ಟರೆ ಹಗುರ ಆಗುತ್ತೆ ಅಲ್ವಾ?' ಅಂದರು. ಎಲ್ಲರೂ ಹೀಗೇ ಕೇಳುತ್ತಾರೆ. ಎರಡು ನೀಲಿ ಗೆರೆ ಬಂದು ಉತ್ತರ ಬರದೇ ಹೋದರೆ ಆ ರಾತ್ರಿ ಹೇಗೆ ಕಳೀತೀರಿ ಅಂತ ಕೇಳಿದೆ. ಉತ್ತರ ಬೇಡ, ಹೇಳಿದ್ದಷ್ಟೇ ಸಾಕು ಅನ್ನುವ ದಿನ ಬಂದರೆ ಕಳಿಸಿ. ಆ ದಿನ ಬಂದವರಲ್ಲಿ ಹೆಚ್ಚಿನವರು ಕಳಿಸುವ ಗೋಜಿಗೇ ಹೋಗುವುದಿಲ್ಲ.

ಇನ್ನೊಂದು, ಅಮ್ಮನಿಗೆ ನಿಜ ಹೇಳಿ ಅಂದೆ. ಈ ಸಲಹೆಗೆ ನನ್ನ ಜೊತೆ ಕೆಲಸ ಮಾಡುವವರೇ ಹುಬ್ಬೇರಿಸಿದರು. ಹೀಗೆ ಮಾಡಿ ಅಂತ ನಾವು ಹೇಳಬಾರದು, ಅವರೇ ಕಂಡುಕೊಳ್ಳಬೇಕು ಅನ್ನುವುದು ನಮ್ಮ ಪಾಠದಲ್ಲಿದೆ. ಇದೆ, ಒಪ್ಪುತ್ತೇನೆ. ಎಲ್ಲ ಮನೆಗೂ ಈ ಸಲಹೆ ಹೊಂದುವುದಿಲ್ಲ ಅನ್ನುವುದೂ ಗೊತ್ತು. ಪ್ರೀತಿಯ ಸುದ್ದಿ ಕೇಳಿದ ವಾರದಲ್ಲೇ ಗಂಡು ಹುಡುಕಿ ಕಟ್ಟಿಬಿಡುವ ಮನೆಗಳಿವೆ, ಫೋನು ಕಿತ್ತುಕೊಳ್ಳುವ, ಕೈ ಮಾಡುವ ಮನೆಗಳಿವೆ. ಅಂಥ ಕಡೆ ಬಾಯಿ ಬಿಡಬೇಡಿ ಅಂತ ನಾನೇ ಹೇಳಿದ್ದೇನೆ. ಸುಮಾ ಅವರನ್ನು ಬೇರೆ ಬೇರೆ ರೀತಿಯಲ್ಲಿ ಮೂರು ಸಲ ಕೇಳಿದೆ, ಅಮ್ಮ ಏನು ಮಾಡಬಹುದು ಅಂತ. ಮೂರು ಸಲವೂ ಒಂದೇ ಉತ್ತರ, 'ಬೈಯಲ್ಲ, ಅಳ್ತಾರೆ.' ಅಮ್ಮ ಅಳುತ್ತಾರೆ ಅನ್ನುವುದು ಸುಮ್ಮನಿರಲು ಕಾರಣ ಅಲ್ಲ. ಹಾಗಂತ ನಾವು ಹೆಣ್ಣುಮಕ್ಕಳು ಅಂದುಕೊಂಡುಬಿಟ್ಟಿರುತ್ತೇವೆ, ಅಮ್ಮಂದಿರು ಗಾಜಿನ ಸಾಮಾನು ಅನ್ನೋ ಹಾಗೆ. ರಾತ್ರಿ ಬಸ್ಸಿನಲ್ಲಿ ಭರಣಿ ಹೊತ್ತು ತರುವ ಹೆಂಗಸು ಅಷ್ಟು ಸುಲಭಕ್ಕೆ ಒಡೆಯುವುದಿಲ್ಲ. ಅದಕ್ಕೇ ಹೇಳಿದೆ. ಇವತ್ತು ಕೇಳಿದರೂ ಹೇಳುತ್ತೇನೆ.

ಸಿನಿಮಾ ಬಗ್ಗೆ ಏನೂ ಹೇಳಲಿಲ್ಲ. ನೋಡಿ ಅಂತಲೂ ಇಲ್ಲ, ಬೇಡ ಅಂತಲೂ ಇಲ್ಲ.

ಮೂರು ವಾರ ಅವರು ಬರಲಿಲ್ಲ. ಎರಡು ಸಲ ದಿನ ಗೊತ್ತು ಮಾಡಿ ರದ್ದು ಮಾಡಿದರು, ನಾನು ಅತಿ ಮಾಡಿದೆನೇನೋ ಅಂತ ಹೊಟ್ಟೆಯಲ್ಲಿ ಸಂಕಟ ಶುರುವಾಯಿತು. ಆಮೇಲೆ ಬಂದರು. ಒಂದು ರಾತ್ರಿ ಫೋನಿನಲ್ಲಿ ಹೇಳಿಬಿಟ್ಟರಂತೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ ಅಮ್ಮ, 'ಹಪ್ಪಳದ ಡಬ್ಬಿ ಬಿಚ್ಚಲಿಲ್ಲವಲ್ಲ ನೀನು, ಏನೋ ಆಗಿದೆ ಅಂತ ಅವತ್ತೇ ಅನ್ನಿಸ್ತು ಕಣೆ' ಅಂದರಂತೆ. ಅತ್ತರಾ ಅಂತ ಕೇಳಿದೆ. ಅತ್ತರು, ಇಬ್ಬರೂ.

ಹುಡುಗನನ್ನು ಸುಮಾ ಇನ್ನೂ ಮರೆತಿಲ್ಲ. ಮೆಸೇಜು ಫೋನಿನಲ್ಲೇ ಇದೆ. ತುರ್ಕಿ ಕಲಿಯುವುದು ನಡೆದಿದೆ, ಈಗ ಭೂತಕಾಲದ ಪಾಠಕ್ಕೆ ಬಂದಿದ್ದಾರಂತೆ. ಅಮ್ಮ ಮತ್ತೆ ಬಂದು ಈ ಸಲ ಹದಿನೆಂಟು ದಿನ ಇದ್ದರು, ಇಬ್ಬರೂ ಕೂತು ಆ ಸಿನಿಮಾವನ್ನು ಮೊದಲಿಂದ ನೋಡಿದರಂತೆ, ಮಗಳು ಪಕ್ಕದಲ್ಲಿ ಕನ್ನಡ ಮಾಡಿ ಹೇಳುತ್ತಾ. ಅಮ್ಮನಿಗೆ ಅಷ್ಟೇನೂ ಹಿಡಿಸಲಿಲ್ಲ. 'ಹುಡುಗ ಅಡುಗೆ ಚೆನ್ನಾಗಿ ಮಾಡ್ತಾನೆ, ಅದೊಂದು ಒಪ್ಪಬೇಕು' ಅಂದು ಹಪ್ಪಳ ಸುಡಲು ಎದ್ದು ಹೋದರಂತೆ.