ಕ್ಲಬ್ಬಿಗೆ ಮೂರನೆಯವರು, ದೇಶಕ್ಕೆ ಮೊದಲಿಗರು

ತುಮಕೂರಿನ ಓದುಗರೊಬ್ಬರ ಪತ್ರ: "ಹೆನ್ನಿಂಗ್ ಫ್ರಿಟ್ಸ್ 2004ರಲ್ಲಿ ವಿಶ್ವದ ಶ್ರೇಷ್ಠ ಹ್ಯಾಂಡ್‌ಬಾಲ್ ಆಟಗಾರ ಎಂದು ಒಂದು ಕಡೆ ಬರೆದಿದ್ದೀರಿ. 2007ರ ಹೊತ್ತಿಗೆ ತನ್ನ ಕ್ಲಬ್ಬಿನಲ್ಲಿ ಮೂರನೇ ಗೋಲ್‌ಕೀಪರ್ ಎಂದು ಇನ್ನೊಂದು ಕಡೆ. ಅದೇ ವರ್ಷ ಜರ್ಮನಿ ವಿಶ್ವ ಚಾಂಪಿಯನ್ ಆದಾಗ ಗೋಲು ಕಾದವರೂ ಅವರೇ ಅಂತೀರಿ. ಇದರಲ್ಲಿ ಅಚ್ಚಿನ ತಪ್ಪು ಯಾವುದು? ನನ್ನ ಮಗಳು ಕಾಲೇಜು ತಂಡದ ಕೀಪರ್. ಮೊನ್ನೆ 20 ಗೋಲು ಬಿಟ್ಟಳೆಂದು ಎರಡು ದಿನ ಸರಿಯಾಗಿ ಊಟ ಮಾಡಿಲ್ಲ. ಅವಳಿಗೂ ನಾಲ್ಕು ಮಾತು ಬರೆಯಿರಿ."

ಅಚ್ಚಿನ ತಪ್ಪು ಇಲ್ಲ, ಮೂರೂ ನಿಜ. ಕೀಪರ್ ವೃತ್ತಿ ಅಂದರೆ ಹೀಗೇ ಇರುತ್ತದೆ.

ಫ್ರಿಟ್ಸ್ ಹುಟ್ಟಿದ್ದು 1974ರಲ್ಲಿ, ಆಗಿನ ಪೂರ್ವ ಜರ್ಮನಿಯ ಮಾಗ್ಡೆಬುರ್ಗ್‌ನಲ್ಲಿ. ಊರಿನ ಕ್ಲಬ್ 2001ರಲ್ಲಿ ಜರ್ಮನಿಯ ಅಗ್ರ ಲೀಗ್ ಬುಂಡೆಸ್‌ಲೀಗಾ ಗೆದ್ದಿತು. ಅದೇ ಬೇಸಿಗೆಯಲ್ಲಿ ಅವರು ಉತ್ತರದ ಬಂದರು ನಗರ ಕೀಲ್‌ನ ಕ್ಲಬ್ಬಿಗೆ ಹೋದರು. ಆಮೇಲಿನ ಮೂರು ವರ್ಷ ರಾಷ್ಟ್ರೀಯ ತಂಡದ ಪಾಲಿಗೆ ಬೆಳ್ಳಿಯೋ ಬೆಳ್ಳಿ: 2002ರ ಯುರೋಪಿಯನ್ ಚಾಂಪಿಯನ್‌ಷಿಪ್, 2003ರ ವಿಶ್ವ ಚಾಂಪಿಯನ್‌ಷಿಪ್, 2004ರ ಅಥೆನ್ಸ್ ಒಲಿಂಪಿಕ್ಸ್. ಮಧ್ಯೆ ಒಂದು ಚಿನ್ನ, 2004ರ ಯುರೋಪಿಯನ್ ಕಿರೀಟ. ಅಥೆನ್ಸ್‌ನ ಕ್ವಾರ್ಟರ್‌ಫೈನಲ್ ಎರಡೆರಡು ಬಾರಿ ಹೆಚ್ಚುವರಿ ಸಮಯ ಕಂಡು, ಕೊನೆಗೆ ಏಳು ಮೀಟರ್ ಎಸೆತಗಳಿಗೆ (ಹ್ಯಾಂಡ್‌ಬಾಲ್‌ನ ಪೆನಾಲ್ಟಿ) ಹೋಯಿತು. ಆ ಎಸೆತಗಳಲ್ಲಿ ಸ್ಪೇನ್‌ಗೆ ಒಂದೂ ಗೋಲು ದಕ್ಕಲಿಲ್ಲ; ಜರ್ಮನಿ 32–30ರಲ್ಲಿ ದಡ ಸೇರಿತು. ಆ ವರ್ಷದ ವಿಶ್ವಶ್ರೇಷ್ಠ ಪ್ರಶಸ್ತಿ ಫ್ರಿಟ್ಸ್‌ಗೆ. ಪುರುಷರಲ್ಲಿ ಕೀಪರ್‌ಗೆ ಅದು ಸಿಕ್ಕಿದ್ದು ಅದೇ ಮೊದಲು.

ಹಾಗಾದರೆ ಎರಡು ವರ್ಷದಲ್ಲಿ ಆಗಿದ್ದೇನು? ಒಂದು, ಅವರ ಫಾರ್ಮ್ ಬಿತ್ತು. ಇನ್ನೊಂದು, 2006ರಲ್ಲಿ ಕೀಲ್ ಕ್ಲಬ್ ಫ್ರಾನ್ಸ್‌ನ ತಿಯೆರಿ ಒಮೆಯೆ ಅವರನ್ನು ಕರೆತಂದಿತು. ಸ್ವೀಡನ್ನಿನ ಮಟಿಯಾಸ್ ಆಂಡರ್ಸನ್ ಮೊದಲಿನಿಂದಲೂ ಇದ್ದರು. ಆಗಿನ ನಿಯಮದಲ್ಲಿ ಒಂದು ಪಂದ್ಯದ ಪಟ್ಟಿಗೆ 14 ಜನ, ಅದರಲ್ಲಿ ಸಾಮಾನ್ಯವಾಗಿ ಇಬ್ಬರು ಕೀಪರ್‌ಗಳು. ಅಂಗಳದ ಅಂಚಿನಲ್ಲಿ ಆಡುವ ವಿಂಗರ್ ಮೂರನೆಯವನಾದರೂ ಕೊನೆಯ ಹತ್ತು ನಿಮಿಷ ಆಡುತ್ತಾನೆ, ಕೀಪರ್ ಮೂರನೆಯವನಾದರೆ ಬೆಂಚೂ ಇಲ್ಲ. ಅಭ್ಯಾಸದಲ್ಲಿ ಎಷ್ಟೇ ಚೆಂಡು ತಡೆದರೂ ಪಂದ್ಯದ ಎಸೆತಗಾರ ಕಣ್ಣಲ್ಲಿ ಕಣ್ಣಿಟ್ಟು ಮೋಸ ಮಾಡುವುದನ್ನು ಅಲ್ಲಿ ಕಲಿಯಲಾಗದು.

ಆದರೂ ರಾಷ್ಟ್ರೀಯ ತಂಡದ ಕೋಚ್ ಹೈನರ್ ಬ್ರಾಂಡ್, ಫ್ರಿಟ್ಸ್‌ರನ್ನು ಕೈಬಿಡಲಿಲ್ಲ. ನಮ್ಮ ದೃಷ್ಟಿಯಲ್ಲಿ ಇದು ಬರೀ ಹಳೆಯ ಋಣವಲ್ಲ. ಒಂಬತ್ತು ಮೀಟರ್ ದೂರದಿಂದ ಗಂಟೆಗೆ 100 ಕಿ.ಮೀ. ವೇಗದಲ್ಲಿ ಬರುವ ಚೆಂಡಿಗೆ ಗೋಲು ತಲುಪಲು ಸೆಕೆಂಡಿನ ಮೂರನೇ ಒಂದು ಭಾಗ ಸಾಕು. ನೋಡಿ ಹಾರುವಷ್ಟು ಸಮಯ ಅಲ್ಲಿಲ್ಲ. ಹಾಗಾಗಿ ಕೀಪರ್ ಮತ್ತು ಮುಂದೆ ಕೈಯೆತ್ತಿ ನಿಂತ ರಕ್ಷಕರ ನಡುವೆ ಒಂದು ಒಪ್ಪಂದ ಇರುತ್ತದೆ: ಗೋಲಿನ ಈ ಮೂಲೆ ನಿಮ್ಮ ಕೈಗಳದ್ದು, ಆ ಮೂಲೆ ನನ್ನದು. ರಕ್ಷಕ ಅರ್ಧ ಹೆಜ್ಜೆ ತಪ್ಪಿ ನಿಂತರೂ ಚೆಂಡು ಅವನ ಕೈ ಕೆಳಗಿಂದ, ಕೀಪರ್ ಬಿಟ್ಟುಕೊಟ್ಟ ಮೂಲೆಗೇ ಬರುತ್ತದೆ. ನೋಡುವವರು ಬೈಯುವುದು ಮಾತ್ರ ಕೀಪರ್‌ಗೆ. ಬ್ರಾಂಡ್ ತಂಡದ ರಕ್ಷಣೆಯ ಜೊತೆ ಈ ಒಪ್ಪಂದ ಫ್ರಿಟ್ಸ್‌ಗೆ ವರ್ಷಗಳಿಂದ ರೂಢಿಯಾಗಿತ್ತು.

2007ರ ವಿಶ್ವ ಚಾಂಪಿಯನ್‌ಷಿಪ್ ಜರ್ಮನಿಯಲ್ಲೇ ನಡೆಯಿತು. ಗುಂಪು ಹಂತದಲ್ಲಿ ಪೋಲೆಂಡ್ ವಿರುದ್ಧ ಸೋಲು. ಸೆಮಿಫೈನಲ್‌ನಲ್ಲಿ ಫ್ರಾನ್ಸ್ ಎದುರು ಮತ್ತೆ ಎರಡು ಬಾರಿ ಹೆಚ್ಚುವರಿ ಸಮಯ, 32–31. ಆ ಕಡೆಯ ಗೋಲಿನಲ್ಲಿ ಯಾರು? ಕ್ಲಬ್ಬಿನಲ್ಲಿ ಇವರ ಜಾಗ ಹಿಡಿದಿದ್ದ ಒಮೆಯೆ! ಫೆಬ್ರುವರಿ 4ರಂದು ಕಲೋನ್‌ನಲ್ಲಿ ಪೋಲೆಂಡ್ ವಿರುದ್ಧವೇ ಫೈನಲ್. ಎರಡನೇ ಅರ್ಧದಲ್ಲಿ ಫ್ರಿಟ್ಸ್ ಗಾಯಗೊಂಡು ಹೊರಬಂದರು, ಯೊಹಾನೆಸ್ ಬಿಟ್ಟರ್ ಉಳಿದ ಹೊತ್ತು ಕಾದರು, 29–24. ಟೂರ್ನಿಯ ಶ್ರೇಷ್ಠ ತಂಡದಲ್ಲಿ ಕೀಪರ್ ಸ್ಥಾನ ಫ್ರಿಟ್ಸ್‌ಗೇ ಹೋಯಿತು. (ಪದಕ ಪಡೆಯುವಾಗ ಇಡೀ ತಂಡ ಕೋಚ್ ಮೀಸೆಯಂಥದೇ ಅಂಟುಮೀಸೆ ಹಚ್ಚಿಕೊಂಡಿತ್ತು.) ಅದೇ ಬೇಸಿಗೆಯಲ್ಲಿ ಅವರು ಕೀಲ್ ಬಿಟ್ಟು ರೈನ್-ನೆಕ್ಕರ್ ಲೋವನ್ ಕ್ಲಬ್ ಸೇರಿದರು. ಇನ್ನೂ ಐದು ವರ್ಷ ಅಲ್ಲೇ ಆಡಿದರು.

ಕೀಲ್‌ನ ಈ ಕಗ್ಗಂಟು ಆಮೇಲೂ ಮುಗಿಯಲಿಲ್ಲ. 2016ರಲ್ಲಿ ಯುರೋಪಿಯನ್ ಚಾಂಪಿಯನ್ ಆದ ಆಂದ್ರೆಯಾಸ್ ವೋಲ್ಫ್ ಅದೇ ಬೇಸಿಗೆ ಅಲ್ಲಿಗೆ ಹೋದರೆ, ಡೆನ್ಮಾರ್ಕಿನ ನಿಕ್ಲಾಸ್ ಲಾಂಡಿನ್ ಆಗಲೇ ಅಲ್ಲಿದ್ದರು. ಮೂರು ವರ್ಷ ಗೋಲನ್ನು ಹಂಚಿಕೊಂಡು, 2019ರಲ್ಲಿ ವೋಲ್ಫ್ ಪೋಲೆಂಡಿನ ಕೆಲ್ಟ್ಸೆಗೆ ಹೊರಟರು. 2024ರಲ್ಲಿ ಕೀಲ್‌ಗೆ ಮರಳಿದರು.

ಇನ್ನು ನಿಮ್ಮ ಮಗಳ 20 ಗೋಲು. ಈ ಆಟದಲ್ಲಿ ಬಿಟ್ಟ ಗೋಲಿನ ಸಂಖ್ಯೆಯೊಂದೇ ಏನನ್ನೂ ಹೇಳುವುದಿಲ್ಲ. ಮೇಲಿನ ಫೈನಲ್ ಗೆದ್ದ ತಂಡವೇ 24 ಬಿಟ್ಟಿದೆ. ತಡೆದದ್ದನ್ನು, ತಡೆದದ್ದು ಮತ್ತು ಬಿಟ್ಟದ್ದರ ಒಟ್ಟು ಮೊತ್ತದಿಂದ ಭಾಗಿಸಬೇಕು. ಕಂಬಕ್ಕೆ ಬಡಿದದ್ದು, ಹೊರಗೆ ಹೋದದ್ದು ಲೆಕ್ಕಕ್ಕಿಲ್ಲ. 12 ತಡೆದು 20 ಬಿಟ್ಟಿದ್ದರೆ ಶೇ. 37.5, ವೃತ್ತಿಪರರೂ ಹೆಮ್ಮೆಪಡುವ ಆಟ. 5 ತಡೆದು 20 ಬಿಟ್ಟಿದ್ದರೆ ಶೇ. 20, ಅಭ್ಯಾಸ ಬೇಕು. ಮೂವತ್ತರ ಆಸುಪಾಸು ಇದ್ದರೆ ಕೆಲಸ ನಡೆಯುತ್ತಿದೆ ಎಂದರ್ಥ.

ಮುಂದಿನ ಪಂದ್ಯಕ್ಕೆ ಬೆಂಚಿನಲ್ಲಿರುವ ಗೆಳತಿಯ ಕೈಗೆ ಒಂದು ಪುಸ್ತಕ ಕೊಡಲಿ. ದೂರದ ಎಸೆತ, ವಿಂಗ್, ಆರು ಮೀಟರ್ ಗೆರೆಯ ಬಳಿ ರಕ್ಷಕಿಯರ ನಡುವೆ ನಿಲ್ಲುವ ಪಿವಟ್, ಏಳು ಮೀಟರ್ ಎಸೆತ, ಹೀಗೆ ನಾಲ್ಕು ಸಾಲು. ಪ್ರತಿ ಸಾಲಿನಲ್ಲೂ ತಡೆದದ್ದು, ಬಿಟ್ಟದ್ದು. ಹೆಚ್ಚು ಗೋಲು ಪಿವಟ್‌ನಿಂದ ಬಂದಿದ್ದರೆ ಮಾತಾಡಬೇಕಾದ್ದು ಮಧ್ಯದ ರಕ್ಷಕಿಯರ ಜೊತೆ. ವಿಂಗ್‌ನಿಂದ ಬಂದಿದ್ದರೆ ಕಂಬ ಬಿಟ್ಟು ಬೇಗ ಮುಂದೆ ಬಂದು, ಹತ್ತಿರದ ಮೂಲೆ ತೆರೆದುಕೊಟ್ಟಳೇ ಎಂದು ನೋಡಿಕೊಳ್ಳಲಿ. ಏಳು ಮೀಟರ್ ಎಸೆತದಲ್ಲಿ ನಾಲ್ಕು ಮೀಟರ್ ಗುರುತಿನವರೆಗೂ ಕೀಪರ್ ಮುಂದೆ ಬರಬಹುದು. ಕಾಲೇಜು ಮಟ್ಟದಲ್ಲಿ ಎಷ್ಟೋ ಕೀಪರ್‌ಗಳು ಗೆರೆಯಲ್ಲೇ ಅಂಟಿಕೊಂಡು ನಿಂತಿರುತ್ತಾರೆ.

— ಸಂ.